ಹೊಚ್ಚಿಕೊಳ್ಳಲು ಬಾರದ ಪುಸ್ತಕ

‘ಬೆಟ್ಟದ ಹೂವು’ ಚಿತ್ರವನ್ನು ನಾನೂ ನಮ್ಮಣ್ಣನೂ ಒಟ್ಟಿಗೇ ನೋಡಿದೆವು. ಸಿಂದಗಿಯ ನಮ್ಮ ಓಣಿಯಲ್ಲಿ ಆಗ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ರವಿವಾರ ಸಂಜೆ ಅವರ ಪಡಸಾಲೆ ತುಂಬಿದ ಮೇಲೆ ಬಂದವರು ಕಟ್ಟೆ ಹತ್ತಿ ಕಿಟಕಿಯಿಂದ ಇಣುಕಬೇಕು. ನಾನು ಆರನೇ ಇಯತ್ತೆ. ಅಣ್ಣ ಏಳಕ್ಕೇ ಶಾಲೆ ಬಿಟ್ಟು ಅಡತಿ ಅಂಗಡಿಯಲ್ಲಿ ತೊಗರಿ ಚೀಲಗಳ ಬಾಯಿ ಹೊಲಿಯುತ್ತಿದ್ದ. ದಬ್ಬಣ ಒತ್ತಿ ಒತ್ತಿ ಅವನ ಅಂಗೈ ಜಡ್ಡುಗಟ್ಟಿತ್ತು. ಮೈಯಿಂದ ಸುತಳಿಯ ವಾಸನೆ ಹೋಗುತ್ತಿರಲಿಲ್ಲ. ಪುಸ್ತಕಕ್ಕೆಂದು ಕೂಡಿಟ್ಟ ರೊಕ್ಕದಲ್ಲಿ ಚಿತ್ರದ ಹುಡುಗ ರಾಮು ಮನೆಯವರಿಗೆ ಕಂಬಳಿ ಕೊಂಡಾಗ ನನಗೆ ಅಳು ತಡೆಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಅಣ್ಣ ಅಂದ: “ಯಾಕ ಅಳ್ತಿಯೋ ತಮ್ಮಾ? ಹುಡುಗ ಚಲೋನ ಮಾಡ್ಯಾನ. ಪುಸ್ತಕ ಹೊಚ್ಚಿಕೊಂಡು ಮಲಗಾಕ ಬರ್ತದೇನು?”

ಅವತ್ತು ಅಣ್ಣನ ಮೇಲೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಈ ಚಿತ್ರದ ಬಗ್ಗೆ ನಾನು ಓದಿದ, ಕೇಳಿದ ಎಲ್ಲ ಮಾತಿಗಿಂತ ಗಟ್ಟಿಯಾದ ವಿಮರ್ಶೆ ಅದೇ.

1985ರಲ್ಲಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಚಿತ್ರವಿದು. ನಿರ್ಮಾಣ ಪಾರ್ವತಮ್ಮ ರಾಜಕುಮಾರ್ ಅವರದು. ಶರ್ಲಿ ಅರೋರಾ ಎಂಬ ಲೇಖಕಿಯ ಇಂಗ್ಲಿಷ್ ಕಾದಂಬರಿಯೊಂದು ಇದರ ಮೂಲ. ರಾಮುವಾಗಿ ನಟಿಸಿದ ಹತ್ತು ವರ್ಷದ ಪುನೀತ್‌ಗೆ ಈ ಚಿತ್ರ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟಿತು. ಕತೆ ಅಂಗೈಯಗಲದ್ದು. ಓದುವ ಹುಚ್ಚಿನ ಬಡ ಹುಡುಗನೊಬ್ಬ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಆಸೆಪಡುತ್ತಾನೆ. ಕಾಡಿನ ಸೀತಾಳೆ ಹೂ ಹುಡುಕಿಕೊಂಡು ಬಂದ ವಿದೇಶಿ ಹೆಣ್ಣುಮಗಳೊಬ್ಬಳಿಗೆ ಹೂ ತಂದುಕೊಟ್ಟು ಕಾಸು ಕೂಡಿಡುತ್ತಾನೆ. ಕಾಸು ಕೈಗೆ ಬಂದಾಗ ಮನೆಯ ಚಳಿ ಎದುರಿಗೆ ನಿಲ್ಲುತ್ತದೆ.

ಲಕ್ಷ್ಮೀನಾರಾಯಣ್ ಗೆದ್ದಿರುವುದು ಈ ಪುಟ್ಟ ಅಳತೆಯಲ್ಲೇ. ನಮ್ಮ ಚಿತ್ರಗಳಲ್ಲಿ ಹುಡುಗ ದೊಡ್ಡವನಾಗುವುದು ಸಾಮಾನ್ಯವಾಗಿ ಒಂದು ಹೊಡೆದಾಟದಿಂದ ಇಲ್ಲವೆ ಒಂದು ಪ್ರೇಮದಿಂದ. ಇಲ್ಲಿ ದೊಡ್ಡವನಾಗುವುದೆಂದರೆ ಮನೆಯ ಲೆಕ್ಕ ತಿಳಿಯುವುದು. ಒಂದು ಅಂಗಡಿ, ಒಂದು ಪುಸ್ತಕ, ಅದಕ್ಕೊಂದು ಬೆಲೆ: ಬಾಲ್ಯದ ಕೊನೆಯನ್ನು ಇಷ್ಟು ಕಡಿಮೆ ಸಾಮಾನಿನಲ್ಲಿ ಕಟ್ಟಿದ ಕನ್ನಡ ಚಿತ್ರಗಳು ಹೆಚ್ಚಿಲ್ಲ.

ಆರಿಸಿದ ಪುಸ್ತಕವಾದರೂ ಎಂಥದು! 1967ರ ಜ್ಞಾನಪೀಠದ ಹಿಂದಿರುವ ಮಹಾಛಂದಸ್ಸಿನ ಕಾವ್ಯ. ಕನ್ನಡ ಎಂ.ಎ. ಮಾಡುವವರೂ ಪದಕೋಶ ಮಗ್ಗುಲಿಗಿಟ್ಟುಕೊಂಡು ಕೂಡುವ ಆ ಹೊತ್ತಗೆಯನ್ನು ಹತ್ತು ವರ್ಷದವ ಓದಿಯಾನೇ ಎಂದು ಕೇಳಬಹುದು. ನಾನೂ ಕೇಳಿದ್ದುಂಟು. ಆದರೆ ಆ ಆಯ್ಕೆಯಲ್ಲಿ ಒಂದು ಕಸೂತಿ ಇದೆ. ರಾಮಾಯಣವೆಂದರೆ ಅಣ್ಣನೊಬ್ಬ ತನಗೆ ಬರಬೇಕಾದದ್ದನ್ನು ಮನೆಯ ಸಲುವಾಗಿ ಬಿಟ್ಟು ಹೋದ ಕತೆ. ರಾಮು ಎಂಬ ಹೆಸರಿನ ಹುಡುಗ ಆ ಕತೆಯನ್ನು ಕೊಳ್ಳಲು ಹೋಗಿ, ಕೊಳ್ಳದೆ ಬರುತ್ತಾನೆ. ಈ ಎಳೆಯನ್ನು ಚಿತ್ರ ಬಾಯಿಬಿಟ್ಟು ವಿವರಿಸುವುದಿಲ್ಲ. ಅದು ನಿರ್ದೇಶಕರ ಸಂಯಮ.

ಇನ್ನು ತಕರಾರುಗಳು. ಮೊದಲನೆಯದು ಚೆಲುವಿನದು. ಬೆಟ್ಟ, ಹಸಿರು, ಮಂಜು, ರಾಜನ್–ನಾಗೇಂದ್ರರ ಇಂಪಾದ ಸಂಗೀತ ಎಲ್ಲ ಸೇರಿ ಬಡತನಕ್ಕೂ ಒಂದು ಹೊಳಪು ಬರುತ್ತದೆ. ನಮ್ಮವರ ತೆರೆಯಲ್ಲಿ ಬಾಲ್ಯ ಅಂದರೆ ಮಲೆನಾಡು ಎಂಬಂತಾಗಿದೆ. ‘ಘಟಶ್ರಾದ್ಧ’ದ ನಾಣಿಯೂ ಅಲ್ಲಿಯವನೇ, ಶಂಕರನಾಗ್ ‘ಮಾಲ್ಗುಡಿ ಡೇಸ್’ನ ಸ್ವಾಮಿಯನ್ನು ಓಡಾಡಿಸಿದ್ದೂ ಆಗುಂಬೆಯಲ್ಲೇ. ಎರೆಹೊಲದ ಬಿಸಿಲಿನಲ್ಲಿ ಬೆಳೆದ ನಮಗೆ ನೆನಪು ಮಾಡಿಕೊಳ್ಳಲಿಕ್ಕೂ ಬೇರೆಯವರ ಮಳೆಯನ್ನು ಕಡ ತರಬೇಕಾಗಿದೆ.

ಎರಡನೆಯದು ಇನ್ನೂ ಮುಖ್ಯ. ಕಂಬಳಿಯೋ ಪುಸ್ತಕವೋ ಎಂದು ಒಬ್ಬ ಹುಡುಗ ಯಾಕೆ ಆರಿಸಬೇಕು? ಚಿತ್ರ ಈ ಪ್ರಶ್ನೆಯ ಹತ್ತಿರ ಬಂದು, ತ್ಯಾಗದ ಹೊಳಪಿಗೆ ಕಣ್ಣು ಕುಕ್ಕಿಸಿಕೊಂಡು ನಿಂತುಬಿಡುತ್ತದೆ. ನಮ್ಮ ಕಣ್ಣೀರಿಗೆ ರಾಮುವಿನ ಒಳ್ಳೆಯತನ ಸಾಕಾಗುತ್ತದೆ. ಅವನ ಓದು ತಪ್ಪಿದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್, ಎಲ್ಲರ ಅಪ್ಪು, ತೀರಿಕೊಂಡ ಮೇಲಂತೂ ಈ ಚಿತ್ರವನ್ನು ಚಿತ್ರವಾಗಿ ನೋಡುವುದೇ ಕಷ್ಟವಾಗಿದೆ. ರಾಮುವಿನ ಮುಖ ಕಂಡೊಡನೆ ಅಪ್ಪುವಿಗಾಗಿ ಅಳುತ್ತೇವೆ. ಹಳಹಳಿ ಅಂದರೆ ಇದೇ. ಅದು ಕತೆಯ ಚುಚ್ಚುವ ಮೂಲೆಗಳನ್ನೆಲ್ಲ ಸವೆಸಿ ನುಣುಪು ಮಾಡುತ್ತದೆ.

ತಮಿಳಿನ ‘ಕಾಕಾ ಮುಟ್ಟೈ’ (2015) ನೋಡುವಾಗ ಈ ಕೊರತೆ ನನಗೆ ಎದ್ದು ಕಂಡಿತು. ಮಣಿಕಂಡನ್ ಅವರ ಆ ಚಿತ್ರದಲ್ಲಿ ಚೆನ್ನೈ ಕೊಳೆಗೇರಿಯ ಅಣ್ಣತಮ್ಮಂದಿರಿಬ್ಬರು ರೈಲು ಹಳಿಯ ಮೇಲೆ ಬಿದ್ದ ಕಲ್ಲಿದ್ದಲು ಆಯ್ದು ಮಾರಿ ಪಿಜ್ಜಾಕ್ಕೆ ದುಡ್ಡು ಕೂಡಿಸುತ್ತಾರೆ. ಆಸೆ ಇಬ್ಬರದೂ, ಅವಮಾನವೂ ಇಬ್ಬರದು. ಅಂಗಡಿ ಬಾಗಿಲಲ್ಲಿ ಕಪಾಳಕ್ಕೆ ಬಿದ್ದ ಏಟು ಪ್ರೇಕ್ಷಕನ ಕೆನ್ನೆಯ ಮೇಲೂ ಉಳಿಯುತ್ತದೆ. ‘ಬೆಟ್ಟದ ಹೂವು’ ಅಂಥ ಏಟನ್ನು ಯಾರಿಗೂ ಕೊಡುವುದಿಲ್ಲ.

ನಮ್ಮ ಕಡೆಯ ಹುಡುಗ ತೆರೆಗೆ ಬರಲು ಬಹಳ ಕಾಲ ಹಿಡಿಯಿತು. 2024ರಲ್ಲಿ ತೆರೆಕಂಡ ಉತ್ಸವ್ ಗೋನವಾರ ಅವರ ‘ಫೋಟೋ’ದಲ್ಲಿ ರಾಯಚೂರು ಸೀಮೆಯ ದುರ್ಗ್ಯಾನ ಆಸೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವುದು. ಅಪ್ಪ ಬೆಂಗಳೂರಿಗೆ ದುಡಿಯಲು ಹೋದವ. ನಡುವೆ 2020ರ ಲಾಕ್‌ಡೌನ್. ಗುಳೆ ಹೋಗುವವರ ಮಾತು ಅಲ್ಲಿ ಗುಳೆ ಹೋಗುವವರ ಬಾಯಲ್ಲೇ ಇದೆ. ಆ ಚಿತ್ರಕ್ಕೆ ಹಳಹಳಿ ಇಲ್ಲ. ಗಾಯ ಇನ್ನೂ ಹಸಿಯಾಗಿರುವಾಗ ಹಳಹಳಿಗೆ ಎಡೆ ಎಲ್ಲಿ?

ಇಲ್ಲಿಗೆ ನನ್ನ ಮಾತು ನನ್ನ ಮೇಲೇ ತಿರುಗುತ್ತದೆ. ಬಾಲ್ಯವನ್ನು ನೆನೆದು ಚಿತ್ರ ತೆಗೆಯುವವರು, ಲೇಖನ ಬರೆಯುವವರು ಶಾಲೆ ಮುಗಿಸಿದ ತಮ್ಮಂದಿರು. ಬಾರುಕೋಲನ್ನೋ ದಬ್ಬಣವನ್ನೋ ಹಿಡಿದು ನಮ್ಮನ್ನು ಓದಿಗೆ ಕಳಿಸಿದ ಅಣ್ಣಂದಿರಿಗೆ ಆ ದಿನಗಳು ಕಳೆದುಹೋದ ಚಂದದ ದಿನಗಳಲ್ಲ. ಅಂದಿನ ಕೆಲಸವೇ ಇಂದಿಗೂ ಮುಂದುವರಿದಿದೆ. ನಮ್ಮ ಹಳಹಳಿ ಭರತನದು. ಪಾದುಕೆ ಇಟ್ಟು ಪೂಜಿಸುತ್ತೇವೆ, ರಾಜ್ಯ ಮಾತ್ರ ನಮ್ಮ ಕೈಯಲ್ಲೇ ಇರುತ್ತದೆ. ‘ಬೆಟ್ಟದ ಹೂವು’ ಒಳ್ಳೆಯ ಚಿತ್ರವೇ. ಆದರೆ ರಾಮುವಿನ ಕತೆಯನ್ನು ಅದು ಭರತರ ಕಣ್ಣು ಒದ್ದೆಯಾಗುವಂತೆ ಹೇಳಿತು. ರಾಮುಗಳು ನೋಡಿದರೆ ಏನೆಂದಾರು ಎಂದು ಕೇಳಿಕೊಳ್ಳಲಿಲ್ಲ.

ಅಪ್ಪು ಹೋದ ವಾರ ಚಿತ್ರ ಮತ್ತೆ ಟಿ.ವಿ.ಯಲ್ಲಿ ಬಂತು. ಈ ಸಲ ನಮ್ಮ ಮನೆಯದೇ ಪಡಸಾಲೆ. ಥಂಡಿಗೆಂದು ಅಣ್ಣ ಸೊಲ್ಲಾಪುರ ಚಾದರ ಹೊಚ್ಚಿಕೊಂಡು ಕೂತಿದ್ದ. ಅಂಗಡಿಯ ದೃಶ್ಯ ಬಂದಾಗ, ಇಷ್ಟು ವರ್ಷ ಕೇಳದ್ದನ್ನು ಕೇಳಿದ:

“ಆ ಪುಸ್ತಕದಾಗ ಅಂಥಾದ್ದೇನದನೋ?”

“ರಾಮಾಯಣ. ರಾಮ ಮನಿ ಸಲುವಾಗಿ ರಾಜ್ಯ ಬಿಟ್ಟು ಹೋಗೂದು,” ಅಂದೆ.

ಅಣ್ಣ ಚಾದರವನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡ. “ಹಂಗಾರ ಅದನ್ನ ಅವ ಓದೂದೇನಿತ್ತು?”