ಮಂಡಲ: ಚಿತ್ರವೋ, ಸ್ಥಾನವೋ?

ಮಂಡಲವನ್ನು ಕೇವಲ ಚಿತ್ರಕಲೆಯೆಂದು ಎಣಿಸುವ ವಿಮರ್ಶೆಯನ್ನು ನಾವು ಒಪ್ಪಲಾರೆವು. ಕೂಕಾಯಿ ಎಂಬ ಭಿಕ್ಷುಗಳು 806ರಲ್ಲಿ ಚೀನದಿಂದ ಜಪಾನಿಗೆ ಮಂಡಲಗಳನ್ನು ತಂದರು. ಅವರ ಶಿಂಗೋನ್ ಪಂಥದ ಆಲಯದಲ್ಲಿ ಕರುಣೆಯ ಗರ್ಭಧಾತು ಮಂಡಲಕ್ಕೆ ಪೂರ್ವವೂ ಜ್ಞಾನದ ವಜ್ರಧಾತು ಮಂಡಲಕ್ಕೆ ಪಶ್ಚಿಮವೂ ನಿಯತವಾದ ಸ್ಥಾನಗಳು. ದೀಕ್ಷೆಯಲ್ಲಿ ಮಂಡಲವನ್ನು ಹಾಸುತ್ತಾರೆ. ಕಣ್ಣು ಕಟ್ಟಿದ ಶಿಷ್ಯನು ಎಸೆದ ಹೂ ಬಿದ್ದೆಡೆಯ ದೇವತೆಯೇ ಅವನ ಇಷ್ಟದೈವ.

ನಮ್ಮ ತುಳುನಾಡಿನ ನಾಗಮಂಡಲವೂ ನೆಲದ್ದೇ. ಪಂಚವರ್ಣದ ಪುಡಿಯಲ್ಲಿ ಬರೆದ ಸರ್ಪದ ಸುತ್ತ ನಾಗಪಾತ್ರಿಯೂ ವೈದ್ಯರೆಂಬ ನರ್ತಕರೂ ರಾತ್ರಿ ಕುಣಿಯುತ್ತಾರೆ; ಕೊನೆಗೆ ಅದು ಅಳಿಯುತ್ತದೆ.

ಆದುದರಿಂದ ಕಂಬಂ ಕಣಿವೆ, ತೇನಿ, ದಿಂಡಿಗಲ್ಲುಗಳ ಕನ್ನಡ ಮನೆಗಳ ಮಾರ್ಗಳಿಯ ಕೋಲಗಳನ್ನು ಸಂಗ್ರಹಿಸುವ ಉಪಾಧ್ಯಾಯ ಮಿತ್ರರು ಚುಕ್ಕಿಗಳ ಲೆಕ್ಕಕ್ಕೇ ನಿಲ್ಲಬಾರದು. ಬಿಡಿಸಿದ ಜಾಗ, ದಿಕ್ಕು, ಹೊತ್ತು, ಬಿಡಿಸಿದ ಅಜ್ಜಿಯ ಕನ್ನಡದ ಮಾತು, ಇವನ್ನೂ ಬರೆದಿಡಬೇಕು. ಕಾಗದದ ಮೇಲೆ ರೇಖೆಯೊಂದೇ ಉಳಿದರೆ ಅರ್ಥ ಅಂಗಳದಲ್ಲೇ ಅಳಿಸಿಹೋಗುವುದು.