ಮೊದಲು ಕತ್ತಲೆ, ಆಮೇಲೆ ಬೆಳಕು

ಕಡಲ ಮೀನಿನ ಅಕ್ವೇರಿಯಂ ಇಟ್ಟವರು ದೀಪಕ್ಕೆ ಸುರಿಯುವ ಹಣದ ಬಹುಪಾಲು ಹವಳದ ಸಲುವಾಗಿ. ಮರಿ ಸಾಕುವಾಗ ಆ ಲೆಕ್ಕ ನಡೆಯದು. ಮರಿಗಳ ವಿಷಯದಲ್ಲಿ ಬೆಳಕು ಎಷ್ಟು ಎನ್ನುವುದರ ಜೊತೆಗೆ ಯಾವಾಗ, ಯಾವ ದಿಕ್ಕಿನಿಂದ ಎನ್ನುವುದನ್ನೂ ನೋಡಬೇಕು.

ಮನೆಯಲ್ಲೇ ಮರಿ ಮಾಡಿಸಬಹುದಾದ ಕ್ಲೌನ್ ಮೀನನ್ನೇ ನೋಡಿ. ಕಲ್ಲಿಗೆ ಅಂಟಿದ ಮೊಟ್ಟೆಗಳಿಗೆ ಗಂಡು ರೆಕ್ಕೆ ಬೀಸುತ್ತಾ ಕಾವಲಿರುತ್ತದೆ. ನೀರು 28 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಂದು ವಾರದಲ್ಲಿ ಮೊಟ್ಟೆಯೊಳಗೆ ಬೆಳ್ಳಿಯಂಥ ಕಣ್ಣುಗಳು ಹೊಳೆಯುತ್ತವೆ. ಆಮೇಲೊಂದು ರಾತ್ರಿ ದೀಪ ಆರಿದ ಒಂದೆರಡು ಗಂಟೆಯೊಳಗೆ ಮರಿ ಹೊರಬರುತ್ತದೆ. ರಾತ್ರಿಯಿಡೀ ಎಲ್‌ಇಡಿ ಬೆಳಕು ಬೀಳುತ್ತಿದ್ದ ಮೊಟ್ಟೆಗಳಲ್ಲಿ ಒಂದೂ ಒಡೆಯಲಿಲ್ಲ, ರಾತ್ರಿ ಕತ್ತಲೆ ಸಿಕ್ಕ ಮೊಟ್ಟೆಗಳು ಒಡೆದವು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹಾಲ್‌ನಲ್ಲಿ ತೊಟ್ಟಿ ಇದ್ದರೆ ಮರಿ ಹೊರಬರುವ ರಾತ್ರಿ ಅದಕ್ಕೆ ದಪ್ಪ ಬಟ್ಟೆ ಹೊದಿಸಿ.

ಹುಟ್ಟಿದ ಮರಿಗಳು ಬೆಳಕಿನತ್ತ ಓಡುತ್ತವೆ. ಒಂದು ಮೂಲೆಗೆ ಟಾರ್ಚ್ ಹಿಡಿದರೆ ಗುಂಪುಗೂಡುತ್ತವೆ. ಬಲೆ ಹಾಕದೆ, ನೀರಿನ ಸಮೇತ ಮಗ್ಗಿನಲ್ಲಿ ಎತ್ತಿ ಬೇರೆ ತೊಟ್ಟಿಗೆ ಬಿಡಬಹುದು. ಆದರೆ ಅಲ್ಲಿ ಇದೇ ಸ್ವಭಾವ ಮುಳುವಾಗುತ್ತದೆ. ಗಾಜಿನಾಚೆಯಿಂದ ಬೆಳಕು ಬಂದರೆ ಮರಿಗಳು ಅದೇ ಗಾಜಿಗೆ ಮುಖವಿಟ್ಟು ಗುದ್ದಾಡಿ, ಉಣ್ಣದೆ ಸೊರಗುತ್ತವೆ. ಪೂರ್ತಿ ಕತ್ತಲೆಯೂ ಆಗದು. ಅವು ಕಣ್ಣಿನಿಂದಲೇ ಬೇಟೆಯಾಡುವವು. ಆಹಾರವಾದ ರೊಟಿಫರ್ ಎಂಬ ಸೂಕ್ಷ್ಮ ಜಲಪ್ರಾಣಿ ಕಾಣದಿದ್ದರೆ ತಿನ್ನುವುದು ಹೇಗೆ?

ಆದ್ದರಿಂದ ತೊಟ್ಟಿಯ ನಾಲ್ಕೂ ಬದಿಗೆ ಕಪ್ಪು ಕಾಗದ ಅಂಟಿಸಿ, ಮೇಲಿನಿಂದ ಮಾತ್ರ ಮಂದ ಬೆಳಕು ಕೊಡಿ. ನ್ಯಾನೋಕ್ಲೋರಾಪ್ಸಿಸ್ ಪಾಚಿ ಬೆರೆಸಿ ನೀರನ್ನು ತಿಳಿಹಸಿರು ಮಾಡಿದರೆ ಬೆಳಕು ಹದವಾಗಿ ಹರಡುತ್ತದೆ, ರೊಟಿಫರ್‌ಗೂ ಮೇವಾಗುತ್ತದೆ. ಮರಿಗಳು ನೀರಿನ ತುಂಬ ಹರಡಿ, ಮೈಯನ್ನು ಬಿಲ್ಲಿನಂತೆ ಬಾಗಿಸಿ ಬೇಟೆಗೆ ಎಗರುತ್ತಿದ್ದರೆ ಬೆಳಕು ಸರಿಯಾಗಿದೆ. ಒಂದೆಡೆ ಮುತ್ತಿಕೊಂಡರೆ ತಗ್ಗಿಸಿ. ದೀಪವನ್ನು ಒಮ್ಮೆಲೇ ಹಾಕಬೇಡಿ, ಆರಿಸಲೂಬೇಡಿ, ಮರಿಗಳು ಬೆಚ್ಚುತ್ತವೆ.

ಮೊದಲ ದಿನಗಳಲ್ಲಿ ಹಗಲಿರುಳೂ ದೀಪ ಉರಿಸಿ ತಿನ್ನುವ ಹೊತ್ತನ್ನು ಹೆಚ್ಚಿಸುವ ಸಾಕಣೆದಾರರಿದ್ದಾರೆ. ನನ್ನ ಒಲವು ಮರಿಗಳಿಗೂ ಒಂದು ರಾತ್ರಿ ಇರಲಿ ಎನ್ನುವ ಕಡೆಗೆ. ಎಂಟರಿಂದ ಹನ್ನೆರಡನೆಯ ದಿನದ ಹೊತ್ತಿಗೆ ಬಿಳಿ ಪಟ್ಟೆ ಮೂಡತೊಡಗುತ್ತದೆ, ಮರಿಗಳು ತಳದ ಕಡೆಗೆ ಇಳಿಯುತ್ತವೆ. ಬೆಳಕನ್ನು ಸ್ವಲ್ಪಸ್ವಲ್ಪವೇ ಏರಿಸಲು ಅದೇ ಸರಿಯಾದ ಕಾಲ.

ಮರಿ ಉಳಿಸುವ ಆಸೆಯಿದ್ದರೆ ದುಬಾರಿ ದೀಪದ ಅಂಗಡಿಗೆ ಹೋಗಬೇಡಿ. ಒಂದು ಡಿಮ್ಮರ್, ಒಂದು ಟೈಮರ್, ನಾಲ್ಕು ಹಾಳೆ ಕಪ್ಪು ಕಾಗದ ತಂದಿಟ್ಟುಕೊಳ್ಳಿ.