ಉಸಿರಿಗೆ ಕಿವಿಗೊಡುವವರು

ಮಳೆಗಾಲದಲ್ಲಿ ನೇತ್ರಾಣಿ ದ್ವೀಪದತ್ತ ಡೈವಿಂಗ್ ದೋಣಿ ಹೊರಡುವುದಿಲ್ಲ. ಮುರುಡೇಶ್ವರದ ಸ್ಕೂಬಾ ಅಂಗಡಿಯೊಂದರ ಹಿಂದಿನ ಕೋಣೆಗೆ ಆಗಲೇ ಕೈತುಂಬ ಕೆಲಸ.

ಮೇಜಿನ ಮೇಲೆ ರೆಗ್ಯುಲೇಟರ್ ಬಿಚ್ಚಿಕೊಂಡು ಕೂತಿದೆ. ಸಿಲಿಂಡರಿನ 200 ಬಾರ್ ಒತ್ತಡವನ್ನು ಹತ್ತರ ಆಸುಪಾಸಿಗೆ ಇಳಿಸಿ, ಮತ್ತೆ ಪಳಗಿಸಿ ಬಾಯಿಗೊಪ್ಪುವ ಉಸಿರಾಗಿಸುವ ಯಂತ್ರವಿದು. 1943ರಲ್ಲಿ ಫ್ರಾನ್ಸಿನ ಕುಸ್ಟೋ ಮತ್ತು ಗಾನ್ಯಾ ರೂಪಿಸಿದ ಸಾಧನದ ವಂಶದ್ದು. ಮೆಕ್ಯಾನಿಕ್ ಹಿತ್ತಾಳೆ ಕೊಕ್ಕೆಯಿಂದ ಓ-ರಿಂಗ್ ಎಂಬ ರಬ್ಬರ್ ಬಳೆಯನ್ನು ಮೆಲ್ಲಗೆ ಎತ್ತುತ್ತಾರೆ. ಕೊಕ್ಕೆ ಉಕ್ಕಿನದಾದರೆ ಒಳಗೆ ಗೀರು ಬಿದ್ದೀತು, ಗೀರಿನಲ್ಲಿ ಗಾಳಿ ಸೋರೀತು. ನೀರು ಬೆರೆಸಿದ ವಿನೆಗರ್‌ನಲ್ಲಿ ಅದ್ದಿದ ಬಿಡಿಭಾಗಗಳಿಂದ ಹಸಿರು ಕಿಲುಬು ಗುಳ್ಳೆಗುಳ್ಳೆಯಾಗಿ ಬಿಡುತ್ತದೆ.

ಜೋಡಿಸಿದ ಮೇಲೆ ಒತ್ತಡದ ಗೇಜಿನ ಮುಳ್ಳಿನ ಮೇಲೇ ಕಣ್ಣು. ಮುಳ್ಳು ನಿಂತರೆ ಸರಿ. ಇರುವೆಯಂತೆ ಮೇಲಕ್ಕೆ ತೆವಳಿದರೆ ಒಳಗಿನ ಕವಾಟದ ಸೀಟ್ ಸವೆದಿದೆ ಎಂದರ್ಥ. ಮತ್ತೆ ಬಿಚ್ಚಬೇಕು. ಕೊನೆಗೆ ಕಿವಿಯ ಹತ್ತಿರ ಹಿಡಿದು, ಸೋರುವ ಸದ್ದಿಗಾಗಿ ಆಲಿಸುತ್ತಾರೆ.

ಸಲಕರಣೆ ಈಗ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ; ಹಲವು ದೇಶಗಳಲ್ಲಿ ಊರಿನ ಡೈವ್ ಅಂಗಡಿಗಳು ಬಾಗಿಲು ಹಾಕುತ್ತಿವೆ. ಆದರೆ ಈ ಕಿವಿ ಪಾರ್ಸೆಲ್‌ನಲ್ಲಿ ಬರುವುದಿಲ್ಲ. ನಾಳೆ ಕಡಲಿಗಿಳಿಯುವ ಹೊಸಬರ ಧೈರ್ಯ ಇಂಥ ಮೇಜುಗಳ ಮೇಲೇ ತಯಾರಾಗುತ್ತದೆ.